ಬಾತ್‌ರೂಮ್ ಗೋಡೆಯ ತೇವದ ಕಲೆ: ಹೊಸ ಬಣ್ಣಕ್ಕೆ ಮೊದಲು ಮಾಡಬೇಕಾದ ಕೆಲಸ

ತೇವದ ಕಲೆಯ ಮೇಲೆ ನೇರವಾಗಿ ಬಣ್ಣ ಹೊಡೆದರೆ ಕೆಲವೇ ವಾರಗಳಲ್ಲಿ ಅದೇ ಕಲೆ ಅದೇ ಜಾಗದಲ್ಲಿ ಮತ್ತೆ ಮೂಡುತ್ತದೆ. ಎಷ್ಟು ಒಳ್ಳೆಯ ಬಣ್ಣ ತಂದರೂ ಇದು ತಪ್ಪುವುದಿಲ್ಲ, ಏಕೆಂದರೆ ಗೋಡೆಗೆ ನೀರು ಬರುವ ದಾರಿ ಇನ್ನೂ ತೆರೆದೇ ಇರುತ್ತದೆ. ಇಡೀ ಕೆಲಸದಲ್ಲಿ ಬಣ್ಣ ಬಳಿಯಲು ಹಿಡಿಯುವುದು ಒಂದೆರಡು ದಿನ. ನೀರಿನ ಮೂಲ ಹುಡುಕಿ, ಅದನ್ನು ಮುಚ್ಚಿ, ಗೋಡೆ ಒಣಗಲು ಬಿಡುವುದಕ್ಕೆ ವಾರಗಳೇ ಬೇಕು. ಅಷ್ಟು ಸಮಯ ಸದ್ಯಕ್ಕೆ ಇಲ್ಲದಿದ್ದರೆ ಬಣ್ಣದ ಕೆಲಸವನ್ನು ಮುಂದಕ್ಕೆ ಹಾಕಿ.

ಮೊದಲು ಕಲೆಯನ್ನು ಗುರುತಿಸಿ

ಎಲ್ಲ ಕಲೆಗೂ ಒಂದೇ ಮದ್ದು ನಡೆಯುವುದಿಲ್ಲ. ಬಾತ್‌ರೂಮಿನಲ್ಲಿ ಸಾಮಾನ್ಯವಾಗಿ ಕಾಣುವುದು ನಾಲ್ಕೈದು ಬಗೆ.

ಸಣ್ಣ ಸಣ್ಣ ಕಪ್ಪು ಅಥವಾ ಕಡುಹಸಿರು ಚುಕ್ಕೆಗಳು ಗುಂಪಾಗಿ ಹರಡಿದ್ದರೆ ಅದು ಬೂಷ್ಟು. ಚಾವಣಿಯ ಮೂಲೆ, ಹೊರಗೋಡೆಯ ಒಳಮೈ, ಗಾಳಿಯಾಡದ ಕಪಾಟಿನ ಹಿಂಭಾಗ ಅದಕ್ಕೆ ಇಷ್ಟದ ಜಾಗಗಳು. ಬಿಸಿನೀರಿನ ಹಬೆ ತಣ್ಣನೆಯ ಗೋಡೆಗೆ ತಾಗಿ ಹನಿಗಟ್ಟುವುದು ಇದಕ್ಕೆ ಮುಖ್ಯ ಕಾರಣ. ಚುಕ್ಕೆ ಬೂಷ್ಟೋ ಬರೀ ಕೊಳೆಯೋ ಎಂಬ ಅನುಮಾನವಿದ್ದರೆ ನೀರು ಬೆರೆಸಿದ ಬ್ಲೀಚ್ ದ್ರಾವಣದ ಒಂದು ಹನಿಯನ್ನು ಅದರ ಮೇಲೆ ಹಚ್ಚಿ ನೋಡಿ. ಒಂದೆರಡು ನಿಮಿಷದಲ್ಲಿ ಚುಕ್ಕೆ ಮಾಸಿದರೆ ಬೂಷ್ಟು, ಹಾಗೇ ಉಳಿದರೆ ಕೊಳೆ ಅಥವಾ ಮಸಿ.

ಹಳದಿ ಅಥವಾ ಕಂದು ಬಣ್ಣದ, ಅಂಚು ಗಾಢವಾದ ಉಂಗುರ ಕಂಡರೆ ಮೇಲಿನಿಂದಲೋ ಗೋಡೆಯೊಳಗಿನಿಂದಲೋ ನೀರು ಸೋರಿದೆ ಎಂದರ್ಥ. ನೀರು ಗಾರೆ, ಮರ, ತುಕ್ಕು, ಧೂಳಿನಲ್ಲಿರುವ ಬಣ್ಣದ ಅಂಶವನ್ನು ಕರಗಿಸಿಕೊಂಡು ಬರುತ್ತದೆ. ನೀರು ಆವಿಯಾದ ಮೇಲೆ ಆ ಅಂಶ ಅಂಚಿನಲ್ಲಿ ಉಳಿಯುತ್ತದೆ. ಒಂದರೊಳಗೊಂದು ಹಲವು ಉಂಗುರಗಳಿದ್ದರೆ ಸೋರಿಕೆ ಒಂದು ಸಲದ್ದಲ್ಲ, ಬಿಟ್ಟುಬಿಟ್ಟು ಆಗುತ್ತಲೇ ಇದೆ.

ಬಿಳಿ ಪುಡಿ ಅಥವಾ ಹತ್ತಿಯಂಥ ಸಣ್ಣ ಎಳೆಗಳು ಎದ್ದಿದ್ದರೆ ಅದು ಉಪ್ಪು. ಇಟ್ಟಿಗೆ ಮತ್ತು ಸಿಮೆಂಟಿನಲ್ಲಿರುವ ಲವಣಗಳು ನೀರಿನಲ್ಲಿ ಕರಗಿ ಹೊರಮೈಗೆ ಬಂದು, ನೀರು ಆರಿದ ಮೇಲೆ ಹರಳುಗಟ್ಟುತ್ತವೆ. ಬಣ್ಣದ ಪದರದ ಹಿಂದೆ ಹರಳುಗಟ್ಟಿದರೆ ಬಣ್ಣವನ್ನೇ ಎತ್ತಿ ಹಾಕುತ್ತವೆ. ಬಿಳಿ ಬೂಷ್ಟು ಕೂಡ ಹೀಗೇ ಕಾಣಬಹುದು. ಪುಡಿಯನ್ನು ಒಂದು ಹನಿ ನೀರಿಗೆ ಹಾಕಿದಾಗ ಕರಗಿದರೆ ಉಪ್ಪು.

ಶವರಿನ ಸುತ್ತ ಗುಲಾಬಿ ಬಣ್ಣದ ಲೋಳೆ ಕಂಡರೆ ಹೆದರಬೇಡಿ. ಅದು ಸೋಪಿನ ಜಿಡ್ಡಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ, ಉಜ್ಜಿ ತೊಳೆದರೆ ಹೋಗುತ್ತದೆ. ಒಂದೇ ಬಿಂದುವಿನಿಂದ ಕೆಂಪು-ಕಂದು ಗೆರೆ ಇಳಿದಿದ್ದರೆ ಒಳಗೊಂದು ಮೊಳೆಯೋ ಸ್ಕ್ರೂವೋ ತುಕ್ಕು ಹಿಡಿದಿದೆ. ಚಾವಣಿಯಲ್ಲಿ ಉದ್ದನೆಯ ತುಕ್ಕಿನ ಗೆರೆ ಮೂಡಿ, ಅದರ ಗುಂಟ ಗಾರೆ ಬಿರುಕುಬಿಟ್ಟು ಉಬ್ಬಿದ್ದರೆ ಮಾತ್ರ ವಿಷಯ ಗಂಭೀರ. ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿದು ಉಬ್ಬುತ್ತಿದೆ. ಅದನ್ನು ಎಂಜಿನಿಯರ್ ನೋಡಬೇಕು, ಪೇಂಟರ್ ಅಲ್ಲ.

ನೀರು ಎಲ್ಲಿಂದ ಬರುತ್ತಿದೆ?

ಈ ಹಂತವನ್ನು ಹಾರಿಸಿದರೆ ಮುಂದಿನದೆಲ್ಲ ವ್ಯರ್ಥ. ಮೊದಲು ಕಲೆಯ ಅಂಚಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಎರಡು ವಾರದಲ್ಲಿ ಕಲೆ ಗೆರೆ ದಾಟಿದರೆ ನೀರು ಇನ್ನೂ ಹರಿಯುತ್ತಿದೆ.

ಹಬೆಯ ತೇವವೋ ಗೋಡೆಯೊಳಗಿನ ತೇವವೋ ಎಂದು ತಿಳಿಯಲು ಪ್ಲಾಸ್ಟಿಕ್ ಹಾಳೆ ಸಾಕು. ಗೋಡೆಯ ಮೇಲ್ಮೈಯನ್ನು ಒರೆಸಿ ಒಣಗಿಸಿ, ಸುಮಾರು 45 ಸೆಂ.ಮೀ. ಚೌಕದ ಪಾರದರ್ಶಕ ಹಾಳೆಯನ್ನು ಇಟ್ಟು ನಾಲ್ಕೂ ಅಂಚಿಗೆ ಗಾಳಿ ನುಸುಳದಂತೆ ಟೇಪ್ ಅಂಟಿಸಿ. 24ರಿಂದ 48 ಗಂಟೆ ಬಿಟ್ಟು ನೋಡಿ. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ಹಬೆ. ಗೋಡೆಗೆ ಅಂಟಿದ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆಯೇ ತೇವ ಬಿಡುತ್ತಿದೆ. ಎರಡೂ ಕಡೆ ಒದ್ದೆಯಾಗಿದ್ದರೆ ಎರಡಕ್ಕೂ ಪರಿಹಾರ ಬೇಕು, ಹಾಗಿರುವುದೂ ಅಪರೂಪವಲ್ಲ.

ಗೋಡೆಯೇ ತೇವವೆಂದು ಗೊತ್ತಾದ ಮೇಲೆ ಪೈಪ್, ಚರಂಡಿ, ಟೈಲ್ಸ್ ಮೂರನ್ನೂ ಒಂದೊಂದಾಗಿ ಪರೀಕ್ಷಿಸಿ. ಎಲ್ಲವನ್ನೂ ಒಂದೇ ದಿನ ಮಾಡಿದರೆ ಯಾವುದು ಸೋರುತ್ತಿದೆ ಎಂಬುದು ತಿಳಿಯುವುದಿಲ್ಲ.

ಪೈಪಿಗೆ: ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿ, ನೀರಿನ ಮೀಟರಿನ ಅಂಕಿ ಬರೆದಿಟ್ಟುಕೊಂಡು, ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ. ನೀರು ಮೇಲಿನ ಟ್ಯಾಂಕಿನಿಂದ ಬರುತ್ತಿದ್ದರೆ ಮೀಟರ್ ಇದನ್ನು ತೋರಿಸುವುದಿಲ್ಲ. ಟ್ಯಾಂಕಿಗೆ ನೀರು ಬರುವುದನ್ನು ನಿಲ್ಲಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಫ್ಲಶ್ ಟ್ಯಾಂಕ್ ಒಳಗೊಳಗೇ ಸೋರುತ್ತಿದ್ದರೂ ಮಟ್ಟ ಇಳಿಯುತ್ತದೆ, ಆದ್ದರಿಂದ ಅದರ ವಾಲ್ವನ್ನೂ ಮುಚ್ಚಿರಬೇಕು. ಕಲೆ ಸದಾ ಒದ್ದೆಯಾಗಿಯೇ ಇದ್ದರೆ ಒತ್ತಡದಲ್ಲಿರುವ ನೀರಿನ ಪೈಪಿನ ಮೇಲೆ, ಸ್ನಾನದ ನಂತರ ಮಾತ್ರ ಹೆಚ್ಚಾದರೆ ಚರಂಡಿ ಅಥವಾ ಟೈಲ್ಸ್ ಸಂದಿನ ಮೇಲೆ ಅನುಮಾನ ಪಡಿ.

ನೆಲ ಮತ್ತು ಚರಂಡಿಗೆ: ನೆಲದ ಜಾಲರಿಯ ಬಾಯಿಯನ್ನು ಬಿಗಿಯಾಗಿ ಮುಚ್ಚಿ 2–3 ಸೆಂ.ಮೀ. ನೀರು ನಿಲ್ಲಿಸಿ. ನೀರು ಹೊಸ್ತಿಲು ದಾಟಬಾರದು. ಮಟ್ಟಕ್ಕೆ ಗುರುತು ಹಾಕಿ 24 ಗಂಟೆ ಬಿಡಿ. ಪಕ್ಕದಲ್ಲೊಂದು ಅಗಲ ಬಾಯಿಯ ಪಾತ್ರೆಯಲ್ಲೂ ನೀರಿಟ್ಟು ಗುರುತು ಹಾಕಿದರೆ ಆವಿಯಾಗಿ ಎಷ್ಟು ಹೋಯಿತೆಂದು ಹೋಲಿಸಬಹುದು. ನೆಲದ ನೀರು ಅದಕ್ಕಿಂತ ಹೆಚ್ಚು ಇಳಿದಿದ್ದರೆ ನೆಲ ಅಥವಾ ಗೋಡೆ-ನೆಲ ಕೂಡುವ ಸಂದು ಸೋರುತ್ತಿದೆ. ಇಳಿಯದೆ ನಿಂತಿದ್ದು, ಮುಚ್ಚಳ ತೆಗೆದು ನೀರು ಬಿಟ್ಟ ಮೇಲೆ ಕಲೆ ಒದ್ದೆಯಾದರೆ ಚರಂಡಿಯ ಪೈಪಿನ ದೋಷ.

ಟೈಲ್ಸಿಗೆ: ನೆಲ ಪೂರ್ತಿ ಆರಿದ ಮೇಲೆ ಇನ್ನೊಂದು ದಿನ ಶವರನ್ನು ಗೋಡೆಯ ಟೈಲ್ಸ್ ಕಡೆಗೆ ತಿರುಗಿಸಿ ಕಾಲು ಗಂಟೆ ನೀರು ಬಿಡಿ, ಗೋಡೆಯ ಹಿಂಬದಿಯನ್ನು ಗಮನಿಸಿ.

ತೇವ ಅಳೆಯುವ ಮೀಟರ್ ಇದ್ದರೆ ಒಳ್ಳೆಯದೇ, ಆದರೆ ಅದರ ಅಂಕಿಯನ್ನು ಹಾಗೇ ನಂಬಬೇಡಿ. ಎರಡು ಮುಳ್ಳಿನ ಮೀಟರುಗಳ ಅಳತೆ ಹೆಚ್ಚಾಗಿ ಮರಕ್ಕೆ ಹೊಂದಿಸಿದ್ದು. ಗೋಡೆಯಲ್ಲಿ ಉಪ್ಪಿದ್ದರೆ ಒಣಗಿದ ಜಾಗದಲ್ಲೂ ಅಂಕಿ ಏರುತ್ತದೆ. ಅದೇ ಬಗೆಯ ಗಾರೆ ಇರುವ, ಒಣ ಕೋಣೆಯ ಗೋಡೆಯಲ್ಲಿ ಮೊದಲು ಅಳೆದು, ಆ ಅಂಕಿಯೊಂದಿಗೆ ಹೋಲಿಸಿದರೆ ಮಾತ್ರ ಅರ್ಥವಿದೆ.

ದಾರಿ ಮುಚ್ಚುವುದು

ಗೋಡೆಯೊಳಗಿನ ಪೈಪ್ ಸೋರುತ್ತಿದ್ದರೆ ಪ್ಲಂಬರನ್ನು ಕರೆಸಿ. ಮೇಲಿನಿಂದ ಯಾವ ಲೇಪ ಹಚ್ಚಿದರೂ ಒತ್ತಡದ ನೀರು ನಿಲ್ಲುವುದಿಲ್ಲ. ಹೊರಗೋಡೆಯ ಬಿರುಕಿನಿಂದ ಮಳೆನೀರು ಬರುತ್ತಿದ್ದರೆ ಬಿರುಕನ್ನು ಹೊರಗಡೆಯಿಂದಲೇ ಮುಚ್ಚಬೇಕು. ಒಳಗಡೆಯಿಂದ ಜಲನಿರೋಧಕ ಬಣ್ಣ ಹಚ್ಚಿದರೆ ನೀರು ಹಿಂದಿನಿಂದ ತಳ್ಳಿ ಅದನ್ನು ಗುಳ್ಳೆ ಎಬ್ಬಿಸುತ್ತದೆ. ಹೊರಗೆ ಕೆಲಸ ಮಾಡಲು ಸಾಧ್ಯವೇ ಇಲ್ಲದ ಕಡೆ ಗಾರೆಗೇ ಬೆಸೆದುಕೊಳ್ಳುವ, ಸಿಮೆಂಟ್ ಆಧಾರಿತ ಎರಡು ಘಟಕಗಳ (ಪುಡಿ ಮತ್ತು ದ್ರವ ಬೆರೆಸಿ ಹಚ್ಚುವ) ಲೇಪ ಬಳಸಿ. ಬಣ್ಣ ಕೆರೆದ ಬರೀ ಗಾರೆಯ ಮೇಲೆ ಎರಡು ಕೋಟ್, ಎರಡನೆಯದು ಮೊದಲಿನದಕ್ಕೆ ಅಡ್ಡ ದಿಕ್ಕಿನಲ್ಲಿ.

ಟೈಲ್ಸ್ ಸಂದಿನ ಗ್ರೌಟ್ (ಸಂದು ತುಂಬುವ ಸಿಮೆಂಟಿನಂಥ ಮಿಶ್ರಣ) ಉದುರಿದ್ದರೆ ಅದರ ಮೇಲೆಯೇ ಹೊಸದನ್ನು ಸವರಬೇಡಿ. ಹಳೆಯದನ್ನು ಟೈಲ್ಸಿನ ದಪ್ಪದ ಮೂರನೇ ಎರಡರಷ್ಟು ಆಳಕ್ಕೆ ಕೆರೆದು ತೆಗೆದು, ಧೂಳು ಎಳೆದು, ನಂತರ ತುಂಬಿ. ಎರಡು ಗೋಡೆ ಕೂಡುವ ಮೂಲೆಗೆ ಮತ್ತು ಗೋಡೆ-ನೆಲದ ಸಂದಿಗೆ ಗ್ರೌಟ್ ಸಲ್ಲದು. ಅಲ್ಲಿ ಎರಡು ಮೈಗಳು ಕೂದಲೆಳೆಯಷ್ಟು ಅಲುಗುತ್ತಲೇ ಇರುವುದರಿಂದ ಗ್ರೌಟ್ ಬಿರುಕು ಬಿಡುತ್ತದೆ. ಬೂಷ್ಟು ತಡೆಯುವ ಸ್ಯಾನಿಟರಿ ಸಿಲಿಕೋನ್ (ರಬ್ಬರಿನಂತೆ ಬಾಗುವ ಸಂದು ಮುಚ್ಚುವ ಅಂಟು) ಹಾಕಿ, ಕನಿಷ್ಠ 24 ಗಂಟೆ ನೀರು ತಾಗಿಸಬೇಡಿ. ಹೊಸ ಸಿಲಿಕೋನ್ ಹಳೆಯ ಸಿಲಿಕೋನಿಗೆ ಅಂಟುವುದಿಲ್ಲ, ಬಣ್ಣವೂ ಅದಕ್ಕೆ ಅಂಟುವುದಿಲ್ಲ. ಬಣ್ಣ ಬಳಿಯುವ ಜಾಗಕ್ಕೆ ಅದರ ಬೆರಳಚ್ಚು ಕೂಡ ತಾಗದಂತೆ ನೋಡಿಕೊಳ್ಳಿ. ಬಣ್ಣದ ಕೆಲಸ ಮುಗಿದ ಮೇಲೆ ಸಿಲಿಕೋನ್ ಹಾಕುವುದು ಇನ್ನೂ ಉತ್ತಮ.

ಕಾರಣ ಹಬೆಯಾದರೆ ಎಕ್ಸಾಸ್ಟ್ ಫ್ಯಾನ್ ಕಡೆ ನೋಡಿ. ಫ್ಯಾನ್ ಓಡುವಾಗ ಅದರ ಜಾಲರಿಗೆ ಒಂದು ಟಿಶ್ಯೂ ಹಾಳೆ ಹಿಡಿಯಿರಿ, ಕೈಬಿಟ್ಟರೂ ಅಂಟಿಕೊಂಡಿರಬೇಕು. ಫ್ಯಾನಿನ ಗಾತ್ರ ಲೆಕ್ಕ ಹಾಕಲು ಕೋಣೆಯ ಉದ್ದ, ಅಗಲ, ಎತ್ತರ ಮೂರನ್ನೂ ಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 8ರಿಂದ ಗುಣಿಸಿ. 2 ಮೀ. ಉದ್ದ, 1.5 ಮೀ. ಅಗಲ, 2.7 ಮೀ. ಎತ್ತರದ ಬಾತ್‌ರೂಮಿಗೆ ಗಂಟೆಗೆ ಸುಮಾರು 65 ಘನ ಮೀಟರ್ ಬರುತ್ತದೆ. ಇದು ಕನಿಷ್ಠ, 85ರಷ್ಟು ಎಳೆಯುವ ಫ್ಯಾನ್ ಹಾಕಿದರೆ ನಿಶ್ಚಿಂತೆ. ಸ್ನಾನ ಮುಗಿದ ಮೇಲೂ 20 ನಿಮಿಷ ಓಡಬೇಕು. ಬಾಗಿಲ ಕೆಳಗೆ ಒಂದೂವರೆ ಸೆಂ.ಮೀ. ಸಂದು ಇರದಿದ್ದರೆ ಒಳಗೆ ಗಾಳಿ ಬರಲು ದಾರಿಯಿಲ್ಲ, ಎಂಥ ಫ್ಯಾನೂ ಸುಮ್ಮನೆ ಸದ್ದು ಮಾಡುತ್ತದೆ ಅಷ್ಟೇ.

ಬೂಷ್ಟು ತೊಳೆಯುವುದು

ಬೂಷ್ಟು ಹರಡಿದ ಜಾಗ ಒಂದು ಚದರ ಮೀಟರಿಗಿಂತ ಹೆಚ್ಚಿದ್ದರೆ, ಅಥವಾ ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಈ ಕೆಲಸವನ್ನು ಅನುಭವಸ್ಥರಿಗೆ ವಹಿಸಿ. ನೀವೇ ಮಾಡುವುದಾದರೆ ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಎನ್‌95 ಮಾಸ್ಕ್ ಹಾಕಿಕೊಳ್ಳಿ. ಕಿಟಕಿ ತೆರೆದಿರಲಿ, ಮನೆಯೊಳಗಿನ ಬಾಗಿಲು ಮುಚ್ಚಿರಲಿ. ಗೀಸರ್ ಮತ್ತು ಸ್ವಿಚ್ಚುಗಳ ಹತ್ತಿರವಿದ್ದರೆ ಆ ಲೈನಿನ ಕರೆಂಟನ್ನು ಮೇನಿನಲ್ಲೇ ಆಫ್ ಮಾಡಿ. ಒಣಗಿದ ಬೂಷ್ಟನ್ನು ಎಂದೂ ಒಣ ಬ್ರಷ್ಷಿನಿಂದ ಉಜ್ಜಬೇಡಿ. ಅದರ ಬೀಜಕಣಗಳು ಗಾಳಿಗೆ ಹಾರಿ ಇಡೀ ಮನೆಗೆ ಹರಡುತ್ತವೆ. ಮೊದಲು ನೀರು ಸಿಂಪಡಿಸಿ ನೆನೆಸಿ.

ನೇರವಾಗಿ ಬ್ಲೀಚ್ ಹಚ್ಚುವುದು ಎಲ್ಲರೂ ಮಾಡುವ ತಪ್ಪು. ಸೋಪಿನ ಜಿಡ್ಡು ಮತ್ತು ಕೊಳೆ ಬ್ಲೀಚಿನ ಶಕ್ತಿಯನ್ನು ನುಂಗಿಬಿಡುತ್ತವೆ. ಮೊದಲು ಡಿಟರ್ಜೆಂಟ್ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆಯಿರಿ, ಚೆನ್ನಾಗಿ ನೀರು ಹಾಕಿ. ನಂತರ 1 ಪಾಲು ಮನೆಬಳಕೆಯ ದ್ರವ ಬ್ಲೀಚಿಗೆ 3 ಪಾಲು ತಣ್ಣೀರು ಬೆರೆಸಿ ಸ್ಪಂಜಿನಿಂದ ಹಚ್ಚಿ. ಕಲೆಯ ಅಂಚಿನಿಂದ ಒಂದು ಗೇಣು ಆಚೆಗೂ ಹಚ್ಚಬೇಕು. 15 ನಿಮಿಷ ಒದ್ದೆಯಾಗಿಯೇ ಇರಲಿ, ಆರತೊಡಗಿದರೆ ಇನ್ನೊಂದು ಸಲ ಹಚ್ಚಿ. ಆಮೇಲೆ ಎರಡು ಮೂರು ಸಲ ಶುದ್ಧ ನೀರಿನಲ್ಲಿ ತೊಳೆಯಿರಿ. ಬ್ಲೀಚಿನ ಉಳಿಕೆ ಗೋಡೆಯಲ್ಲಿದ್ದರೆ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ) ಸರಿಯಾಗಿ ಹಿಡಿಯುವುದಿಲ್ಲ. ಬೆರೆಸಿದ ದ್ರಾವಣವನ್ನು ಮರುದಿನಕ್ಕೆ ಇಟ್ಟುಕೊಳ್ಳಬೇಡಿ, ಸತ್ವ ಹೋಗಿರುತ್ತದೆ. ಬ್ಲೀಚಿನ ವಾಸನೆ ಆಗದವರು 3% ಹೈಡ್ರೋಜನ್ ಪೆರಾಕ್ಸೈಡನ್ನು ನೀರು ಬೆರೆಸದೆ ಹಚ್ಚಿ 10 ನಿಮಿಷ ಬಿಟ್ಟು ಉಜ್ಜಬಹುದು.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು: ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್, ವಿನೆಗರ್, ಅಮೋನಿಯಾ ಇರುವ ಕ್ಲೀನರ್ ಯಾವುದನ್ನೂ ಬೆರೆಸಬೇಡಿ. ಒಂದರ ನಂತರ ಒಂದಾಗಿಯೂ ಬಳಸಬೇಡಿ. ಆಸಿಡ್ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯಾ ಸೇರಿದರೆ ಕ್ಲೋರಮಿನ್ ಅನಿಲ ಏಳುತ್ತದೆ. ಬಾತ್‌ರೂಮಿನಂಥ ಇಕ್ಕಟ್ಟಾದ ಜಾಗದಲ್ಲಿ ಎರಡೂ ಪ್ರಾಣಕ್ಕೆ ಅಪಾಯ.

ತೊಳೆದ ಮೇಲೆ ಗೋಡೆ ಬಿಳುಪಾದರೂ ಕೈಯಿಂದ ಒತ್ತಿದಾಗ ಗಾರೆ ಮೆತ್ತಗಿದ್ದರೆ ಬೂಷ್ಟು ಒಳಕ್ಕೆ ಇಳಿದಿದೆ. ಬ್ಲೀಚ್ ಮೇಲ್ಮೈಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ರಂಧ್ರವಿರುವ ಗಾರೆಯ ಆಳಕ್ಕೆ ಹೋಗುವುದಿಲ್ಲ. ಅಂಥ ಗಾರೆಯನ್ನು ಕಿತ್ತು ತೆಗೆಯುವುದೇ ದಾರಿ.

ಉಪ್ಪು ಎದ್ದ ಗೋಡೆ

ಇಲ್ಲಿ ಕ್ರಮ ಪೂರ್ತಿ ತಿರುವುಮುರುವು: ನೀರು ತಾಗಿಸಬಾರದು. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಗಟ್ಟಿ ನೈಲಾನ್ ಬ್ರಷ್ಷಿನಿಂದ ಒಣದಾಗಿ ಉಜ್ಜಿ, ಉದುರಿದ ಪುಡಿಯನ್ನು ಕಾಗದದಲ್ಲಿ ಹಿಡಿದು ಹೊರಗೆ ಹಾಕಿ. ತಂತಿ ಬ್ರಷ್ ಬೇಡ, ಮುರಿದ ತಂತಿಯ ಚೂರುಗಳು ಗೋಡೆಯಲ್ಲಿ ಉಳಿದು ಆಮೇಲೆ ತುಕ್ಕಿನ ಚುಕ್ಕೆಗಳಾಗುತ್ತವೆ. ಒಂದು ವಾರ ಬಿಟ್ಟು ನೋಡಿ. ಮತ್ತೆ ಎದ್ದರೆ ಮತ್ತೆ ಉಜ್ಜಿ. ಗೋಡೆ ಒಣಗುತ್ತಾ ಹೋದಂತೆ ಉಪ್ಪು ಏಳುವುದು ಕಡಿಮೆಯಾಗುತ್ತದೆ. ಅದು ನಿಲ್ಲುವವರೆಗೆ ಪ್ರೈಮರ್ ಹಚ್ಚಬಾರದು. ತಿಂಗಳಾದರೂ ನಿಲ್ಲದಿದ್ದರೆ ನೀರಿನ ಮೂಲ ಇನ್ನೂ ಮುಚ್ಚಿಲ್ಲ.

ಕೆರೆದು, ಒಣಗಿಸಿ, ತುಂಬಿ

ಉಬ್ಬಿದ ಬಣ್ಣ, ಪುಡಿಯಾದ ಪುಟ್ಟಿ ಎಲ್ಲವನ್ನೂ ಸ್ಕ್ರೇಪರಿನಿಂದ ತೆಗೆಯಿರಿ. ಬಣ್ಣ ಗಟ್ಟಿಯಾಗಿ ಅಂಟಿರುವ ಜಾಗ ಸಿಗುವವರೆಗೂ ಕೆರೆಯಬೇಕು. ಹಳೆಯ ಕಟ್ಟಡದ ಬಣ್ಣದ ಪದರಗಳಲ್ಲಿ ಸೀಸ ಇರಬಹುದು. ಅಂಥ ಕಡೆ ಒಣ ಸ್ಯಾಂಡ್‌ಪೇಪರ್ ಬೇಡ, ನೀರು ಸಿಂಪಡಿಸಿ ಒದ್ದೆಯಾಗಿ ಉಜ್ಜಿ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಗೋಡೆಯನ್ನು ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಇಟ್ಟಿಗೆಯಿಂದ ಬಿಟ್ಟುಕೊಂಡಿದೆ. ಅದನ್ನು ಒಡೆದು, ಕಲೆಯ ಅಂಚಿನಿಂದ 30 ಸೆಂ.ಮೀ. ಆಚೆವರೆಗೆ ತೆಗೆಯಿರಿ.

ಇನ್ನು ಒಣಗುವ ಮಾತು. ಅವಸರದಿಂದ ಹೆಚ್ಚಿನ ಕೆಲಸ ಕೆಡುವುದು ಇಲ್ಲಿಯೇ. ನೀರು ಕುಡಿದ ಇಟ್ಟಿಗೆ ಗೋಡೆ ತಿಂಗಳಿಗೆ ಸುಮಾರು 25 ಮಿ.ಮೀ. ದಪ್ಪದಷ್ಟು ಒಣಗುತ್ತದೆ ಎಂಬುದು ಕಟ್ಟಡ ಕೆಲಸದವರ ಅಂದಾಜು. ಹಬೆಯಿಂದ ಮೇಲ್ಮೈ ಮಾತ್ರ ತೇವವಾಗಿದ್ದರೆ ಮೂರು ನಾಲ್ಕು ದಿನ ಸಾಕು. ಪೈಪ್ ಸೋರಿ ತಿಂಗಳುಗಟ್ಟಲೆ ನೆನೆದಿದ್ದರೆ ಕನಿಷ್ಠ ಒಂದೆರಡು ತಿಂಗಳು ಬೇಕೇ ಬೇಕು, ಗೋಡೆ ದಪ್ಪವಾಗಿದ್ದರೆ ಇನ್ನೂ ಹೆಚ್ಚು. ಕಿಟಕಿ ತೆರೆದು ಟೇಬಲ್ ಫ್ಯಾನ್ ಇಡಿ, ಸಾಧ್ಯವಾದರೆ ಆ ಬಾತ್‌ರೂಮಿನ ಬಳಕೆ ನಿಲ್ಲಿಸಿ. ಹೀಟರಿನಿಂದ ಒಂದೇ ಕಡೆ ಕಾಯಿಸಿದರೆ ಮೇಲ್ಪದರ ಬೇಗ ಒಣಗಿ ಬಿರುಕುಬಿಡುತ್ತದೆ, ಒಳಗೆ ತೇವ ಹಾಗೇ ಉಳಿಯುತ್ತದೆ. ಒಣಗಿದೆಯೇ ಎಂದು ತಿಳಿಯಲು ಮೊದಲು ಮಾಡಿದ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನೇ ಮತ್ತೆ ಮಾಡಿ. ಹಾಳೆಯ ಒಳಮೈ 48 ಗಂಟೆ ಒಣದಾಗಿ ಉಳಿಯಬೇಕು.

ಕಿತ್ತ ಜಾಗಕ್ಕೆ 1 ಪಾಲು ಸಿಮೆಂಟ್, 4 ಪಾಲು ಮರಳಿನ ಗಾರೆ ಹಾಕಿ, ಏಳು ದಿನ ನೀರುಣಿಸಿ. ಹೊಸ ಸಿಮೆಂಟಿನ ಕ್ಷಾರ ತೀವ್ರವಾಗಿರುವುದರಿಂದ ಬಣ್ಣಕ್ಕೆ 28 ದಿನ ಕಾಯಬೇಕು. ಅದಕ್ಕೂ ಮೊದಲು ಎಣ್ಣೆ ಆಧಾರಿತ ಪ್ರೈಮರ್ ಹಚ್ಚಿದರೆ ಕ್ಷಾರ ಅದರ ಎಣ್ಣೆಯನ್ನು ಸೋಪಾಗಿಸಿ ಅಂಟಂಟು ಮಾಡುತ್ತದೆ. ಜಿಪ್ಸಂ ಅಥವಾ ಪಿ.ಓ.ಪಿ. ಬಾತ್‌ರೂಮ್ ಗೋಡೆಗೆ ಬೇಡ, ನೀರು ತಾಗಿದರೆ ಮೆತ್ತಗಾಗುತ್ತದೆ. ಗೋಡೆ ಸಮ ಮಾಡಲು ಬಿಳಿ ಸಿಮೆಂಟ್ ಆಧಾರಿತ ಪುಟ್ಟಿಯನ್ನು ಒಂದು ಸಲಕ್ಕೆ ಒಂದೂವರೆ ಮಿ.ಮೀ. ಮೀರದಂತೆ ಎರಡು ಕೋಟ್ ಎಳೆಯಿರಿ. ಒಂದೇ ಸಲ ದಪ್ಪಗೆ ಹಾಕಿದರೆ ಒಣಗುವಾಗ ಬಿರಿಯುತ್ತದೆ. ಕೊನೆಗೆ 120, ಆಮೇಲೆ 180ನೇ ನಂಬರ್ ಸ್ಯಾಂಡ್‌ಪೇಪರಿನಿಂದ ಹಳೆಯ ಬಣ್ಣದ ಅಂಚು ಬೆರಳಿಗೆ ತಾಗದಷ್ಟು ನಯ ಮಾಡಿ, ಧೂಳನ್ನು ಹಿಂಡಿದ ಒದ್ದೆ ಬಟ್ಟೆಯಿಂದ ತೆಗೆಯಿರಿ. ಧೂಳಿನ ಮೇಲೆ ಹಚ್ಚಿದ ಪ್ರೈಮರ್ ಹಿಡಿದುಕೊಳ್ಳುವುದು ಧೂಳನ್ನೇ ಹೊರತು ಗೋಡೆಯನ್ನಲ್ಲ.

ಕಲೆ ತಡೆಯುವ ಪ್ರೈಮರ್

ಕಂದು ಉಂಗುರದ ಕಲೆ ನೀರಿನಲ್ಲಿ ಕರಗುವಂಥದ್ದು. ಎಮಲ್ಷನ್ ಬಣ್ಣದಲ್ಲೂ ಇರುವುದು ನೀರೇ. ಹಾಗಾಗಿ ನೇರವಾಗಿ ಎಮಲ್ಷನ್ ಹಚ್ಚಿದರೆ ಒಣಗಿದ ಕಲೆ ಮತ್ತೆ ಕರಗಿ ಹೊಸ ಬಣ್ಣದ ಮೇಲಕ್ಕೆ ಏರುತ್ತದೆ. ಮೂರು ಕೋಟ್ ಹೊಡೆದರೂ ಮೂರೂ ಸಲ ಏರುತ್ತದೆ. ಇಲ್ಲಿ ಬೇಕಾದ್ದು ಎಣ್ಣೆ ಆಧಾರಿತ ಅಥವಾ ಶೆಲ್ಲಾಕ್ (ಅರಗು) ಆಧಾರಿತ, ಕಲೆ ತಡೆಯುವ ಪ್ರೈಮರ್. ಶೆಲ್ಲಾಕ್ ಒಂದು ಗಂಟೆಯೊಳಗೆ ಒಣಗುತ್ತದೆ, ಎಣ್ಣೆಯದ್ದಕ್ಕೆ ಹೆಚ್ಚು ಹೊತ್ತು ಬೇಕು. ಡಬ್ಬಿಯ ಮೇಲಿನ ಸಮಯವನ್ನೇ ಪಾಲಿಸಿ. ಎರಡರ ಆವಿಯೂ ಬೆಂಕಿ ಹಿಡಿಯುವಂಥದ್ದು, ಆದ್ದರಿಂದ ಗ್ಯಾಸ್ ಗೀಸರ್ ಆರಿಸಿರಬೇಕು. ಕಲೆಯ ಅಂಚಿನಿಂದ 10–15 ಸೆಂ.ಮೀ. ಆಚೆಗೆ ಹಚ್ಚಿ. ಒಣಗಿದ ಮೇಲೆ ಒಂದು ಅಂಗೈಯಗಲಕ್ಕೆ ಬಣ್ಣ ಹಚ್ಚಿ ಒಂದು ದಿನ ನೋಡಿ. ಹಳದಿ ಇಣುಕಿದರೆ ಪ್ರೈಮರಿನ ಇನ್ನೊಂದು ಕೋಟ್. ಉಳಿದ ಗೋಡೆಗೆ, ವಿಶೇಷವಾಗಿ ಹೊಸ ಗಾರೆಗೆ, ಕ್ಷಾರ ತಾಳುವ ನೀರಿನ ಆಧಾರದ ಪ್ರೈಮರ್ ಸಾಕು. ಬದುಕಿರುವ ಬೂಷ್ಟಿನ ಮೇಲೆ ಯಾವ ಪ್ರೈಮರನ್ನೂ ಹಚ್ಚಬೇಡಿ. ಅದು ಪದರದ ಹಿಂದೆ ಬೆಳೆದು ಹೊರಗೆ ಬರುತ್ತದೆ.

ಬಣ್ಣ

ಬಾತ್‌ರೂಮಿಗೆಂದೇ ಮಾಡಿದ, ಬೂಷ್ಟುನಿರೋಧಕ ಸೇರಿಸಿದ ಅಕ್ರಿಲಿಕ್ ಎಮಲ್ಷನ್ ಆರಿಸಿ. ಹೊಳಪು ಸ್ಯಾಟಿನ್ ಅಥವಾ ಸೆಮಿಗ್ಲಾಸ್ ಇರಲಿ. ಮ್ಯಾಟ್ ಬಣ್ಣ ತೇವವನ್ನೂ ಕೊಳೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಪೂರ್ಣ ಹೊಳಪಿನದು ಗೋಡೆಯ ಪ್ರತಿ ಉಬ್ಬುತಗ್ಗನ್ನೂ ತೋರಿಸುತ್ತದೆ. ಬೂಷ್ಟುನಿರೋಧಕ ಬಣ್ಣ ಇರುವ ಬೂಷ್ಟನ್ನು ಕೊಲ್ಲುವುದಿಲ್ಲ, ಹೊಸದು ಬರುವುದನ್ನು ತಡಮಾಡುತ್ತದೆ ಅಷ್ಟೇ. ಗಾಳಿಯ ತೇವಾಂಶ 85% ಮೀರಿದ ದಿನ ಬಣ್ಣ ಬಳಿಯಬೇಡಿ. ತೆಳುವಾಗಿ ಎರಡು ಕೋಟ್, ನಡುವೆ ಕನಿಷ್ಠ ನಾಲ್ಕು ಗಂಟೆ. ಕೊನೆಯ ಕೋಟ್ ಆದ ಮೇಲೆ ಎರಡು ದಿನ ಬಿಸಿನೀರಿನ ಸ್ನಾನ ಬೇಡ. ಬಣ್ಣ ಪೂರ್ತಿ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಗೋಡೆಯನ್ನು ಉಜ್ಜಿ ತೊಳೆಯಬೇಡಿ.

ಆ ಮೊದಲ ವಾರಗಳಲ್ಲಿ ಹಬೆ ತಾಗಿದಾಗ ಗೋಡೆಯ ಮೇಲೆ ಜೇನಿನ ಬಣ್ಣದ, ಅಂಟಂಟಾದ ಗೆರೆಗಳು ಇಳಿಯಬಹುದು. ಕಲೆ ಮತ್ತೆ ಬಂತೆಂದು ಗಾಬರಿಯಾಗಬೇಡಿ. ಎಮಲ್ಷನ್ ತಯಾರಿಕೆಯಲ್ಲಿ ಬಳಸುವ ಸೋಪಿನಂಥ ಪದಾರ್ಥಗಳು ಬಣ್ಣ ಗಟ್ಟಿಯಾಗುವ ಮೊದಲೇ ತೇವ ತಾಗಿದರೆ ಹೊರಬರುತ್ತವೆ. ತೇವದ ಕಲೆಯಾದರೆ ಗೋಡೆಯಲ್ಲಿ ಉಂಗುರವಾಗಿ ಹರಡುತ್ತದೆ, ಇದು ಕಣ್ಣೀರಿನಂತೆ ನೇರ ಕೆಳಗಿಳಿಯುತ್ತದೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಹೋಗುತ್ತದೆ. ಎರಡು ಮೂರು ಸಲ ಕಾಣಿಸಿಕೊಂಡು ತಾನಾಗಿ ನಿಲ್ಲುತ್ತದೆ, ಅದಕ್ಕಾಗಿ ಮತ್ತೆ ಬಣ್ಣ ಹಚ್ಚಬೇಕಿಲ್ಲ.